ಊರು ನೋಡುವ ತುದಿ

ನಮ್ಮೂರಿಗೆ ಹೊಸದಾಗಿ ಬಂದವರನ್ನು ಗುರುತಿಸುವುದು ಸುಲಭ. ಬಸ್ಸಿಳಿದ ಮೇಲೆ ಅವರು ಸ್ವಲ್ಪ ಹೊತ್ತು ತಮ್ಮ ಕಾಲ ಬುಡವನ್ನೇ ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಒಂದು ಕಾಲೆತ್ತಿ, ನೆರಳು ಅಡಿಯಲ್ಲಿ ಎಲ್ಲಾದರೂ ಸಿಕ್ಕಿಕೊಂಡಿದೆಯೇನೋ ಎನ್ನುವಂತೆ ನೋಡುತ್ತಾರೆ. ನಮ್ಮಲ್ಲಿ ನೆರಳು ಬೀಳುವುದಿಲ್ಲ. ಹಾಲು ಬೆರೆಸಿದ ನೀರಿನಂಥ ಆಕಾಶ, ಅದರ ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಬರುವ ಬೆಳಕು. ಮುಂಜಾನೆ ಬೆಳಕು ಏರುತ್ತದೆ, ಸಂಜೆ ಬತ್ತಿ ಇಳಿಸಿದ ಕಂದೀಲಿನಂತೆ ಇಳಿಯುತ್ತದೆ. ಸೂರ್ಯ ಕಾಣುವುದಿಲ್ಲ, ರಾತ್ರಿ ಚಿಕ್ಕಿ ಕಾಣುವುದಿಲ್ಲ. ಹಪ್ಪಳ ಯಾರ ಮಾಳಿಗೆಯ ಮೇಲೆ ಹಾಕಿದರೂ ಒಂದೇ ಹೊತ್ತಿಗೆ ಒಣಗುವುದರಿಂದ ಮಾಳಿಗೆಗಾಗಿ ಜಗಳವಿಲ್ಲ. ಗಿಡ ನೆಡುವವರು ಹಣ್ಣಿಗಾಗಿ ಮಾತ್ರ ನೆಡುತ್ತಾರೆ. ಶಾಲೆಯ ಪುಸ್ತಕದಲ್ಲಿ ಮರದ ಬುಡಕ್ಕೆ ಕಪ್ಪಾಗಿ ಬಿದ್ದಿರುವುದೇನೆಂದು ಮಕ್ಕಳು ಕೇಳಿದರೆ, ಬೇರೆ ಊರುಗಳಲ್ಲಿ ಮರಗಳಿಗೆ ಹಾಗಾಗುತ್ತದೆ ಎಂದು ಹೇಳಿ ಮಾಸ್ತರರು ಮುಂದಿನ ಪಾಠಕ್ಕೆ ಹೋಗುತ್ತಾರೆ.

ಊರೊಳಗೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಬೀದಿಗಳಿವೆ, ಬಾವಿಯಿದೆ, ನಾನು ಕೆಲಸ ಮಾಡುವ ಚುರುಮುರಿ ಭಟ್ಟಿಯ ಹೊಗೆಯಿದೆ. ತೊಂದರೆ ಇರುವುದು ಹಳ್ಳದಾಚೆಯ ಕಾಡಿನಲ್ಲಿ. ಅಲ್ಲಿ ಗುಡ್ಡವಿಲ್ಲ, ಬಯಲಿಲ್ಲ, ಒಂದು ಮರಕ್ಕೂ ಇನ್ನೊಂದು ಮರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನೆರಳೂ ಇಲ್ಲದ ಮೇಲೆ, ಸೀಗೆಕಾಯಿ ಬಿಡಿಸುತ್ತಾ ಎರಡು ಬಾರಿ ಮೈ ತಿರುಗಿಸಿದವರಿಗೆ ತಾವು ಬಂದದ್ದು ಯಾವ ಕಡೆಯಿಂದ ಎಂಬುದು ಉಳಿಯುವುದಿಲ್ಲ. ಹಳ್ಳ ಕಾಡಿಗೆ ಅಡ್ಡಲಾಗಿ ಹರಿಯುತ್ತದೆ. ಊರಿನ ಕಡೆಗೆ ನೆಟ್ಟಗೆ ನಡೆದರೆ ಎಲ್ಲಾದರೂ ಒಂದು ಕಡೆ ಹಳ್ಳ ಸಿಗಲೇಬೇಕು, ಹಳ್ಳ ಸಿಕ್ಕರೆ ಊರು ಸಿಕ್ಕಂತೆ. ಬೆನ್ನು ತಿರುಗಿಸಿ ನಡೆದರೆ ಕಾಡು ಮುಗಿಯುವುದಿಲ್ಲ. ಅದರ ಆಚೆ ಏನಿದೆ ಎಂದು ನೋಡಲು ಹೋದವರುಂಟು. ನೋಡಿ ಬಂದು ಹೇಳಿದವರಿಲ್ಲ.

ಆದ್ದರಿಂದ ನಮ್ಮಲ್ಲಿ ಕಾಡಿಗೆ ಹೋಗುವ ಪ್ರತಿಯೊಬ್ಬರ ಬಳಿಯೂ ಒಂದು ಸೂಜಿ ಇರುತ್ತದೆ. ಕೌದಿ ಹೊಲಿಯುವ ದೊಡ್ಡ ಸೂಜಿ. ಅದನ್ನು ಸೂಜಿಗಲ್ಲಿನ ಕುಂಕುಮ ಹಚ್ಚಿದ ತುದಿಯ ಮೇಲಿಟ್ಟು ಒಂದೇ ಕಡೆಗೆ ಎಳೆಯಬೇಕು. ಪ್ರತಿ ಸಲವೂ ಎತ್ತಿ ತಂದು ಮೊದಲಿನ ಜಾಗದಿಂದಲೇ ಎಳೆಯಬೇಕು. ಹಿಂದೆ ಮುಂದೆ ಉಜ್ಜಿದರೆ ಕೆಟ್ಟಿತು. ಆಮೇಲೆ ಅದನ್ನು ಜೋಳದ ದಂಟಿನ ಬೆಂಡಿಗೆ ಚುಚ್ಚಿ, ಕರಟದಲ್ಲಿ ನೀರು ಹಾಕಿ, ಗಾಳಿ ಬಡಿಯದಂತೆ ಸೆರಗು ಮರೆಮಾಡಿ ತೇಲಿಬಿಟ್ಟರೆ ಬೆಂಡು ನಿಧಾನವಾಗಿ ತಿರುಗಿ ನಿಲ್ಲುತ್ತದೆ. ಒಂದು ತುದಿ ಊರು ನೋಡುತ್ತದೆ, ಇನ್ನೊಂದು ಕಾಡು ನೋಡುತ್ತದೆ. ಕುಡುಗೋಲನ್ನು ದೂರ ಇಟ್ಟಿರಬೇಕು. ಪಕ್ಕದಲ್ಲಿ ಇನ್ನೊಬ್ಬರ ಸೂಜಿಯೂ ತೇಲಬಾರದು, ಎರಡು ಸೂಜಿಗಳು ದಾರಿ ಬಿಟ್ಟು ಒಂದನ್ನೊಂದು ನೋಡುತ್ತವೆ. ಮನೆಗಳಲ್ಲಿ ಬರೀ ಕಬ್ಬಿಣ ತುಂಬಿರುವುದರಿಂದ ಊರೊಳಗೆ ಯಾರೂ ಸೂಜಿ ತೇಲಿಸುವುದಿಲ್ಲ. ತೇಲಿಸಿದರೆ ಅದು ಮೈಗಳ್ಳನಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ.

ಯಾವ ತುದಿ ಊರು ನೋಡಬೇಕು ಎಂಬಲ್ಲಿ ನಮ್ಮೂರು ಎರಡಾಗಿದೆ. ಸೂಜಿಯ ಯಾವ ತುದಿ ಕೊನೆಗೆ ಕಲ್ಲು ಬಿಡುತ್ತದೋ ಆ ತುದಿ ಊರು ನೋಡುತ್ತದೆ. ನಮ್ಮ ಮೇಲಿನ ಬೀದಿಯವರು ಮೊನೆಯಿಂದ ಕಣ್ಣಿನ ಕಡೆಗೆ ಎಳೆಯುತ್ತೇವೆ, ಹಾಗಾಗಿ ನಮ್ಮ ಸೂಜಿಗಳಲ್ಲಿ ಕಣ್ಣು ಊರು ನೋಡುತ್ತದೆ. ಬಾವಿಯ ಬೀದಿಯವರು ಕಣ್ಣಿನಿಂದ ಮೊನೆಗೆ ಎಳೆಯುತ್ತಾರೆ, ಅವರಲ್ಲಿ ಮೊನೆ ಊರು ನೋಡುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ. ತಪ್ಪಲ್ಲ ಎಂಬುದು ಎರಡೂ ಬೀದಿಗೆ ಗೊತ್ತಿರುವುದರಿಂದಲೇ ಜಗಳ ಇಷ್ಟು ವರ್ಷ ನಡೆದಿದೆ. ಅವರು ಮನೆಗೆ ಬರುವುದೂ ಜಗಳಕ್ಕೆ ಬಂದ ಹಾಗೆ ಮೊನೆ ಮುಂದೆ ಮಾಡಿಕೊಂಡು ಎಂದು ನಾವು ಅನ್ನುತ್ತೇವೆ. ನಾವು ಮನೆಗೆ ಹಿಂದುಮುಂದಾಗಿ ನಡೆದು ಬರುತ್ತೇವೆ ಎಂದು ಅವರು ಅನ್ನುತ್ತಾರೆ.

ನನ್ನ ಹೆಂಡತಿ ಕಸ್ತೂರಿ ಬಾವಿಯ ಬೀದಿಯವಳು. ಎರಡು ಬೀದಿಗಳ ನಡುವೆ ಮದುವೆಗಳು ಆಗದೇ ಇರುವುದಿಲ್ಲ, ಆದರೆ ಆದಾಗ ಊಟದ ಪಂಕ್ತಿಯಲ್ಲಿ ಮಾತು ಹೆಚ್ಚು. ಅಂಥ ಮದುವೆಯಲ್ಲಿ ಹುಡುಗಿ ತವರಿನ ಸೂಜಿಯನ್ನು ತವರಿನಲ್ಲೇ ಬಿಟ್ಟು ಬರಬೇಕು. ಗಂಡನ ಮನೆಯ ಹೊಸ್ತಿಲು ದಾಟಿದ ದಿನ ಅತ್ತೆ ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತು, ಹೊಸ ಸೂಜಿ ತಿಕ್ಕಿ, ಬಟ್ಟೆಯಲ್ಲಿ ಸುತ್ತಿ ತಂದು ಕೊಡುತ್ತಾಳೆ. ಕೊಡುವಾಗ ಇಬ್ಬರೂ ಮಾತಾಡುವ ಹಾಗಿಲ್ಲ. ಮಾತಾಡುವಂಥದ್ದು ಏನೂ ಇರುವುದೂ ಇಲ್ಲ. ಗಂಡನ ಮನೆಯ ಸೂಜಿ ಗಂಡನ ಮನೆಯ ಪದ್ಧತಿಯದೇ ಎಂದು ಎಲ್ಲರಿಗೂ ಗೊತ್ತು.

ನನ್ನ ಅವ್ವ ಫಕೀರವ್ವನ ನಾಲಿಗೆ ಬೀದಿಗೆಲ್ಲ ಪರಿಚಿತ. ಸೊಸೆ ಬಂದ ಮೊದಲ ವಾರವೇ, ಗಾಳಿ ಬಿಟ್ಟರೆ ಹಾರಿ ಹೋಗುವಂಥ ಹುಡುಗಿಯನ್ನು ತಂದಿದ್ದೇವೆ, ಕಲ್ಲು ಕಟ್ಟಿ ಇಟ್ಟುಕೊಳ್ಳಬೇಕು ಎಂದು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಹೇಳಿದಳು. ಕಸ್ತೂರಿ ಮಾತಿಗೆ ಮಾತು ಕೊಡುವವಳಲ್ಲ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಸಣ್ಣಗೆ ಏನೋ ಹೇಳಿಕೊಳ್ಳುತ್ತಿರುವುದನ್ನು ನಾನು ಒಂದು ದಿನ ಬಾಗಿಲ ಹಿಂದೆ ನಿಂತು ಕೇಳಿದೆ. ಬಡಿತಕ್ಕೆ ಸರಿಯಾಗಿ, ಕಣ್ಣು ಊರು, ಮೊನೆ ಕಾಡು, ಕಣ್ಣು ಊರು, ಮೊನೆ ಕಾಡು ಎನ್ನುತ್ತಿದ್ದಳು. ನಾನು ನಕ್ಕಾಗ, ಹುಟ್ಟಿದಾಗಿನಿಂದ ಕಲಿತದ್ದನ್ನು ಮರೆಯಬೇಕಲ್ಲ, ಮರೆಯುವುದಕ್ಕೂ ಅಭ್ಯಾಸ ಬೇಕು ಎಂದಳು.

ಅವಳು ಕಾಡಿಗೆ ಹೋದಾಗೆಲ್ಲ ಅವ್ವನ ಜೊತೆಗೇ ಹೋಗಿದ್ದಳು. ಜೊತೆಗೆ ಹೋದವರಲ್ಲಿ ಒಬ್ಬರ ಸೂಜಿಯನ್ನಷ್ಟೇ ತೇಲಿಸುವುದರಿಂದ, ಕಸ್ತೂರಿಯ ಸೂಜಿ ಬಟ್ಟೆ ಬಿಚ್ಚಿಕೊಂಡು ಹೊರಗೆ ಬಂದೇ ಇರಲಿಲ್ಲ. ಆ ದಿನ ಅವ್ವನ ಹಿಮ್ಮಡಿಗೆ ಮುಳ್ಳು ಚುಚ್ಚಿ ಕಾಲು ಬಾತಿತ್ತು. ಸೀಗೆಕಾಯಿ ಉದುರಿ ಹೋಗುವ ಮೊದಲು ತರಬೇಕಾಗಿತ್ತು. ಪಕ್ಕದ ಮನೆಯ ಬಾಳವ್ವನ ಗುಂಪಿನಲ್ಲಿ ಕಸ್ತೂರಿ ಹೋದಳು. ಹೋಗುವಾಗ ಎಲ್ಲರೂ ಕಾಲುದಾರಿ ಹಿಡಿದು ಒಟ್ಟಿಗೆ ಹೋಗುತ್ತಾರೆ, ಒಳಗೆ ಚದುರುತ್ತಾರೆ, ಬರುವಾಗ ಯಾರ ಚೀಲ ತುಂಬುತ್ತದೋ ಅವರು ತಮ್ಮ ಸೂಜಿ ನೋಡಿಕೊಂಡು ಬರುತ್ತಾರೆ. ಒಬ್ಬರಿಗಾಗಿ ಒಬ್ಬರು ಕಾಯುವ ಪದ್ಧತಿಯಿಲ್ಲ.

ನಾನು ಭಟ್ಟಿಯಿಂದ ಬಂದಾಗ ಹೆಂಗಸರೆಲ್ಲ ಬಂದು ಮುಖ ತೊಳೆದಾಗಿತ್ತು. ಬಾಳವ್ವ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ನಿನ್ನ ಸೊಸೆ ಇಡೀ ಕಾಡನ್ನೇ ಹೊತ್ತು ತರುವ ಹಾಗೆ ಕಾಣುತ್ತದೆ ಎಂದು ಅವಳು ಅವ್ವನನ್ನು ಕೆಣಕಿದಳು. ಅವ್ವ ಹಳ್ಳದ ದಾರಿಯನ್ನೇ ನೋಡುತ್ತಿದ್ದಳು. ಕೆಣಕಿದರೂ ಕೆರಳದ ಅವ್ವನನ್ನು ಬಾಳವ್ವ ಅದುವರೆಗೆ ನೋಡಿರಲಿಲ್ಲವೇನೋ, ತಾನೂ ಆ ಕಡೆಗೇ ತಿರುಗಿ ಕೂತಳು. ಎಲ್ಲಿ ಕಂಡೆ ಎಂದು ನಾನು ಕೇಳಿದ್ದಕ್ಕೆ, ಸುಟ್ಟ ಮತ್ತಿಮರದ ಹತ್ತಿರ ಕಂಡಿದ್ದೆ, ಎಲ್ಲರಿಗಿಂತ ಮೊದಲು ಅವಳ ಚೀಲವೇ ತುಂಬಿತ್ತು, ಕರಟ ಹಿಡಿದುಕೊಂಡು ನೀರಿನ ಗುಂಡಿಯ ಕಡೆ ಹೊರಟಳು ಎಂದಳು. ಮೊದಲು ಹೊರಟವಳು ಇನ್ನೂ ಬಂದಿಲ್ಲವೆಂದರೆ ಏನೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ಅವ್ವ ನನ್ನನ್ನು ಒಳಗೆ ಕರೆದಳು. ಕುಂಟುತ್ತಾ ಅಡುಗೆ ಮನೆಯವರೆಗೆ ಹೋಗಿ, ಬಾಗಿಲು ಅರ್ಧ ಮುಚ್ಚಿ ಹೇಳಿದಳು.

"ಮಲ್ಲೇಶಿ, ಅಕಿ ಸೂಜಿ ನಾ ನಮ್ಮಂಗ ತಿಕ್ಕಿಲ್ಲ."

"ಮತ್ತ ಹೆಂಗ ತಿಕ್ಕೀದಿ?"

"ಅವರ ಮನಿಯಂಗ. ಮೊನಿ ಊರು ನೋಡೂ ಹಂಗ. ಸಣ್ಣಾಕಿದ್ದಾಗಿಂದ ಮೊನಿ ನೋಡಿ ಮನಿಗೆ ಬಂದಾಕಿ. ಕಾಡಿನಾಗ ಅಂಜಿಕಿ ಬಂತಂದ್ರ ಹೊಸಾದು ನೆನಪು ಉಳಿಯೂದಿಲ್ಲ. ಅದಕ್ಕ ಅಕಿಗೆ ಗೊತ್ತಿದ್ದಂಗ ಇರಲಿ ಅಂತ ತಿಕ್ಕಿದೆ. ಹೆಂಗೂ ಮೊನಿ ನೋಡೇ ಬರ್ತಾಳ, ಯಾರಿಗೆ ಗೊತ್ತಾಗ್ತೈತಿ ಅಂದ್ಕೊಂಡೆ."

ಬಾವಿಯ ಬೀದಿಯ ಪದ್ಧತಿಯಂತೆ ಮೇಲಿನ ಬೀದಿಯ ಅತ್ತೆ ಸೂಜಿ ತಿಕ್ಕಿದಳೆಂದು ಗೊತ್ತಾದರೆ ಬಾಳವ್ವನಂಥವರ ಬಾಯಿಗೆ ವರ್ಷಕ್ಕಾಗುವಷ್ಟು ಸಾಮಾನು. ಅದಕ್ಕೇ ಅವಳು ಮಗನಿಗೂ ಹೇಳಿರಲಿಲ್ಲ. ಕಸ್ತೂರಿ ರೊಟ್ಟಿ ಬಡಿಯುವಾಗ ನಾನು ಕೇಳಿದ್ದನ್ನು ಅವ್ವನಿಗೆ ಹೇಳಿದೆ. ಕಸ್ತೂರಿ ಮೊನೆಯನ್ನು ಮರೆತಿದ್ದಾಳೆ. ಕಣ್ಣು ಊರು ನೋಡುತ್ತದೆ ಎಂದು ಬಾಯಿಪಾಠ ಮಾಡಿಕೊಂಡು, ನಿನ್ನ ಮನೆಯವಳಾಗಿ ಕಾಡಿಗೆ ಹೋಗಿದ್ದಾಳೆ ಎಂದೆ. ಅವ್ವ ಸೊಸೆಗಾಗಿ ತನ್ನ ಪದ್ಧತಿ ಬಿಟ್ಟಿದ್ದಳು, ಅವಳು ಅತ್ತೆಗಾಗಿ ತನ್ನದನ್ನು ಬಿಟ್ಟಿದ್ದಳು. ಎರಡು ಮರ್ಯಾದೆಗಳು ಸೇರಿ ಅವಳನ್ನು ಊರಿಗೆ ಬೆನ್ನು ಮಾಡಿ ನಡೆಸಿದ್ದವು.

ಅವಳು ದಾರಿ ತಪ್ಪಿದೆನೆಂದು ತಿಳಿದು ಕೂತಿದ್ದರೆ ಹುಡುಕಬಹುದು, ನಡೆಯುತ್ತಲೇ ಇದ್ದರೆ ಕಷ್ಟ ಎಂದೆ. ಅವ್ವ ಬೇರೇನೋ ಲೆಕ್ಕ ಹಾಕುತ್ತಿದ್ದಳು. ಕಸ್ತೂರಿ ಬುದ್ಧಿವಂತೆ, ಹಳ್ಳ ಸಿಗದಿದ್ದಾಗ ನಿಂತು ಯೋಚಿಸುತ್ತಾಳೆ. ಆದರೆ ಯೋಚಿಸಿದರೂ ತಪ್ಪು ಸೂಜಿಯದಲ್ಲ, ತನ್ನದೇ ಎಂದುಕೊಳ್ಳುತ್ತಾಳೆ, ಇನ್ನಷ್ಟು ನಡೆದರೆ ಹಳ್ಳ ಸಿಗುತ್ತದೆಂದು ಹೋಗುತ್ತಾಳೆ. "ಅತ್ತಿ ನನಗಾಗಿ ಹಿಂಗ ಮಾಡ್ಯಾಳು ಅಂತ ಅಕಿ ಯಾಕ ತಿಳೀತಾಳ," ಎಂದಳು ಅವ್ವ. "ಹಂಗ ತಿಳಕೊಳ್ಳೂವಂಥದ್ದು ನಾ ಏನ್ ಆಡೀನಿ ಅಕಿ ಮುಂದ."

ನಾನು ಸೂಜಿ, ಕರಟ ತೆಗೆದುಕೊಂಡು ಹೊರಟೆ. ಬೆಳಕು ಇಳಿಯುವುದಕ್ಕೆ ಇನ್ನೂ ಹೊತ್ತಿತ್ತು, ಬಹಳ ಹೊತ್ತಿರಲಿಲ್ಲ. ಹಳ್ಳ ದಾಟಿ ಕಾಲುದಾರಿ ಮುಗಿಯುವವರೆಗೆ ಹೆಚ್ಚುಕಡಿಮೆ ಓಡಿದೆ. ಸುಟ್ಟ ಮತ್ತಿಮರ ಸಿಕ್ಕಿತು, ಅದರ ಪಕ್ಕದ ಗುಂಡಿಯ ಅಂಚಿನ ಕೆಸರಿನಲ್ಲಿ ಅವಳು ಕುಕ್ಕರಗಾಲಲ್ಲಿ ಕೂತಿದ್ದ ಗುರುತಿತ್ತು. ಹೆಜ್ಜೆಗಳು ಊರಿನ ಕಡೆಗಿರಲಿಲ್ಲ. ನಾನು ಅಲ್ಲೇ ಕರಟದಲ್ಲಿ ನೀರು ತುಂಬಿ, ಮೈಯಿಂದ ಗಾಳಿ ಮರೆಮಾಡಿ, ಬೆಂಡು ಬಿಟ್ಟೆ. ಅವಸರದವರಿಗಾಗಿ ಅದು ಬೇಗ ನಿಲ್ಲುವುದಿಲ್ಲ. ಒಂದು ಸುತ್ತು ಬಂದು, ಅರ್ಧ ಸುತ್ತು ಹಿಂದೆ ಹೋಗಿ, ತೂಗಿ ತೂಗಿ ನಿಂತಿತು. ಕಣ್ಣಿಗೆ ಬೆನ್ನು ಮಾಡಿ, ಮೊನೆ ತೋರಿಸಿದ ಕಡೆಗೆ, ನಮ್ಮ ಮನೆತನದವರು ಯಾರೂ ನಡೆಯದ ದಿಕ್ಕಿಗೆ ನಾನು ನಡೆದೆ.

ನನಗಿದ್ದ ಭಯ ಒಂದೇ. ಸೂಜಿ ತೋರಿಸುವುದು ಒಂದು ಗೆರೆಯನ್ನು. ಅವಳು ಆ ಗೆರೆಯಿಂದ ಸ್ವಲ್ಪ ಎಡಕ್ಕೋ ಬಲಕ್ಕೋ ಸರಿದಿದ್ದರೆ, ಮರಗಳ ಆ ಬದಿ ಅವಳು, ಈ ಬದಿ ನಾನು ಒಬ್ಬರನ್ನೊಬ್ಬರು ದಾಟಿ ಹೋಗುವುದು ದೊಡ್ಡ ಮಾತಲ್ಲ. ಆಗಾಗ ನಿಂತು ಹೆಸರು ಹಿಡಿದು ಕೂಗಿದೆ. ಕೂಗಿದ ಮೇಲೆ ಉಸಿರು ಬಿಗಿಹಿಡಿದು ಕೇಳಿದೆ. ಸೀಗೆ ಬಳ್ಳಿಗಳು ಮುಗಿದವು. ಅಲ್ಲಿಂದ ಮುಂದೆ ಯಾರೂ ಏನನ್ನೂ ಕೊಯ್ದ ಗುರುತಿರಲಿಲ್ಲ. ಮರಗಳು ಎತ್ತರವಾಗುತ್ತಾ ಹೋದವು, ತರಗೆಲೆ ಮೊಣಕಾಲವರೆಗೆ ಬಂತು. ಎಷ್ಟನೆಯದೋ ಕೂಗಿಗೆ ಉತ್ತರವಾಗಿ ಕಬ್ಬಿಣದ ಮೇಲೆ ಕಲ್ಲು ಬಡಿದ ಸದ್ದು ಕೇಳಿಸಿತು. ಕುಡುಗೋಲಿನ ಸದ್ದು. ಅದು ಬಂದದ್ದು ಎದುರಿನಿಂದ. ನಿಂತಲ್ಲಿಂದ ಅಲ್ಲ, ಹತ್ತಿರವಾಗುತ್ತಾ ಬಂತು.

ಕಸ್ತೂರಿ ತಲೆಯ ಮೇಲೆ ಸೀಗೆಕಾಯಿ ಚೀಲ ಹೊತ್ತುಕೊಂಡೇ ಬಂದಳು. ಅದನ್ನು ಎಲ್ಲೂ ಇಳಿಸಿ ಬಂದಿರಲಿಲ್ಲ. ನನ್ನನ್ನು ಕಂಡು ಚೀಲ ಇಳಿಸಿ, ಅದರ ಮೇಲೆ ಕೂತು, ಅತ್ತೆಯ ಕಾಲಿನ ಬಾವು ಇಳಿಯಿತೇ ಎಂದು ಕೇಳಿದಳು. ಇಳಿದಿಲ್ಲ ಎಂದೆ. ಆಮೇಲೆ ನಾನು ಅವಳ ಕೈ ಹಿಡಿದು ಎಬ್ಬಿಸಿದೆ.

ನಡೆದದ್ದನ್ನು ಅವಳು ದಾರಿಯಲ್ಲಿ ಹೇಳಿದಳು. ಗುಂಡಿಯ ಬಳಿ ಸೂಜಿ ತೇಲಿಸಿ, ಕಣ್ಣು ನೋಡಿಕೊಂಡು ಹೊರಟಳು. ಬಳ್ಳಿ ಮುಗಿದರೂ ಹಳ್ಳ ಬರಲಿಲ್ಲ. ಮೊದಲು ಕುಡುಗೋಲಿನ ಮೇಲೆ ಅನುಮಾನ ಬಂತು. ಅದನ್ನು ದೂರದ ಕೊಂಬೆಗೆ ಸಿಕ್ಕಿಸಿ ಬಂದು ಮತ್ತೆ ತೇಲಿಸಿದಳು. ಸೂಜಿ ಅದೇ ಗೆರೆ ತೋರಿಸಿತು. ಅಷ್ಟರಲ್ಲಿ ಬೆಂಡು ಮುರಿದಿತ್ತು, ಸೂಜಿಯ ಮೇಲೂ ಅನುಮಾನ ಬಂದಿತ್ತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿ, ಅದನ್ನು ಸೂಜಿಗೇ ತಿಕ್ಕಿ, ಒಣ ಎಲೆಯೊಂದರ ಮೇಲೆ ಮಲಗಿಸಿ, ಬಂಡೆಯ ಕುಳಿಯಲ್ಲಿ ನಿಂತಿದ್ದ ನೀರಿನಲ್ಲಿ ತೇಲಿಬಿಟ್ಟಳು. ಎಲೆ ಒಂದೆರಡು ಸಲ ಅಂಚಿಗೆ ಅಂಟಿಕೊಂಡಿತು, ಕಡ್ಡಿಯಿಂದ ನಡುವೆ ತಂದಳು. ಪಿನ್ನೂ ಅದೇ ಗೆರೆಯ ಮೇಲೆ ನಿಂತಿತು. ಸೂಜಿಯಿಂದಲೇ ಹುಟ್ಟಿದ ಪಿನ್ನು ಸೂಜಿಯ ಮಾತನ್ನೇ ಆಡುತ್ತದೆ, ಅದು ಬೇರೆ ಸಾಕ್ಷಿಯಲ್ಲ ಎಂದು ಆಗ ಹೊಳೆಯಿತಂತೆ. ಗೆರೆ ಸರಿ ಎಂಬುದಷ್ಟೇ ಖಾತ್ರಿಯಾಯಿತು. ಗೆರೆಗೆ ಎರಡು ತುದಿ. ಒಂದರಲ್ಲಿ ಮನೆಯಿದೆ. ಯಾವುದು ಎಂದು ಹೇಳುವುದು ನೀರಿನ ಕೆಲಸವಲ್ಲ, ಸೂಜಿಯ ಕೆಲಸವಲ್ಲ.

"ನಾ ಸೂಜಿ ಓದಿದ್ದು ನಿಮ್ಮ ಮನಿಯಂಗ," ಎಂದಳು. "ಅದರಾಗ ತಪ್ಪಿಲ್ಲ. ಅಂದ ಮ್ಯಾಲೆ ಸೂಜಿ ನಮ್ಮ ತವರಿನಂಗ ಇರಬೇಕು. ಅತ್ತಿ ಹಂಗ ತಿಕ್ಕ್ಯಾರೋ ಇಲ್ಲೋ, ಇಷ್ಟ ಪ್ರಶ್ನಿ ಉಳೀತು. ಅಲ್ಲೇ ಕೂತೆ."

"ಮತ್ತ ಹೆಂಗ ಗೊತ್ತಾತು?"

"ಅವರು ಬೈಯೂದಿದ್ರ ನನ್ನ ಮಾರಿ ನೋಡಿ ಬೈತಾರ. ರೊಟ್ಟಿಗೆ ಬೆಣ್ಣಿ ಹಚ್ಚೂದಿದ್ರ ಅತ್ತಾಗ ತಿರುಗಿ ಹಚ್ತಾರ. ಸೂಜಿ ಕೊಡುವಾಗ ನನ್ನ ಮಾರಿ ನೋಡ್ಲಿಲ್ಲ."

ನಿನ್ನ ಎಣಿಕೆ ತಪ್ಪಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ತಪ್ಪಾಗಿದ್ದರೆ ಅತ್ತೆಯ ಬಗ್ಗೆ ಒಳ್ಳೆಯದು ತಿಳಿದುಕೊಂಡು ಕೆಟ್ಟಂತಾಗುತ್ತಿತ್ತು, ಕೆಟ್ಟದ್ದು ತಿಳಿದುಕೊಂಡು ಕೆಡುವುದಕ್ಕಿಂತ ಅದು ವಾಸಿಯಲ್ಲವೇ ಎಂದಳು. ಮತ್ತೆ, ಊರಿನಲ್ಲಿ ಇದನ್ನು ಯಾರ ಮುಂದೆಯೂ ಹೇಳಬಾರದು, ಬಳ್ಳಿ ಹುಡುಕಿಕೊಂಡು ದೂರ ಹೋದಳೆಂದು ಹೇಳಿದರಾಯಿತು, ಬಾಳವ್ವನ ಬಾಯಿಗೆ ಅತ್ತೆಯನ್ನು ಕೊಡಬೇಡಿ ಎಂದು ಹಳ್ಳ ದಾಟುವವರೆಗೂ ನನ್ನಿಂದ ಮಾತು ತೆಗೆದುಕೊಳ್ಳುತ್ತಲೇ ಬಂದಳು.

ನಾವು ಬರುವ ಹೊತ್ತಿಗೆ ಸಂಜೆಯ ಬೆಳಕು ಇನ್ನೂ ಮುಖ ಕಾಣುವಷ್ಟಿತ್ತು. ಕಟ್ಟೆಯ ಸುತ್ತ ಬೀದಿಯ ಹೆಂಗಸರು ಕೂಡಿದ್ದರು. ಕಸ್ತೂರಿ ತಾನು ಹೇಳಿಕೊಟ್ಟ ಮಾತನ್ನು ತಾನೇ ಮೊದಲು ಹೇಳಿದಳು. ಒಳ್ಳೆಯ ಬಳ್ಳಿ ಕಂಡಿತು, ಅದರ ಹಿಂದೆ ಹೋದೆ, ತಪ್ಪು ನನ್ನದೇ. ಬಾವಿಯ ಬೀದಿಯವರಿಗೆ ಮೊನೆ ಮುಂದಿದ್ದರೆ ದಾರಿಯ ಪರಿವೆ ಇರುವುದಿಲ್ಲ ಎಂದು ಬಾಳವ್ವ ಅಂದಳು. ಆದರೆ ಅವಳೇ ಚೀಲಕ್ಕೆ ಕೈಹಾಕಿ ಇಳಿಸಿಕೊಂಡಳು.

ದಾರಿ ತಪ್ಪಿ ಬಂದವರ ಸೂಜಿಯನ್ನು ಮತ್ತೆ ತಿಕ್ಕದೆ ಮನೆಯೊಳಗೆ ಒಯ್ಯುವುದಿಲ್ಲ. ಎಲ್ಲರೂ ಅವ್ವನನ್ನು ನೋಡಿದರು. ಅವ್ವ ನನಗೆ ಸೂಜಿಗಲ್ಲು ತರಲು ಹೇಳಿದಳು. ತಂದುಕೊಟ್ಟ ಮೇಲೆ ಅದನ್ನು ಒಳಗೆ ಒಯ್ಯಲಿಲ್ಲ. ಬಾತ ಕಾಲನ್ನು ನೀಡಿಕೊಂಡು ಬೀದಿಗೆ ಮುಖ ಮಾಡಿ ಕಟ್ಟೆಯ ಮೇಲೆಯೇ ಕೂತು, ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಸೊಸೆಯ ಮುಖವನ್ನೇ ನೋಡಿದಳು.

"ಕಸ್ತೂರಿ, ಯಾವ ಕಡೆ ತಿಕ್ಕಲಿ?"

ಈ ಪ್ರಶ್ನೆಯನ್ನು ನಮ್ಮೂರಿನಲ್ಲಿ ಯಾವ ಅತ್ತೆಯೂ ಯಾವ ಸೊಸೆಗೂ ಕೇಳಿದ್ದು ನನಗೆ ತಿಳಿದಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

"ನೀವು ಹೆಂಗ ಹೇಳ್ತೀರಿ ಹಂಗ, ಅತ್ತಿ," ಎಂದಳು ಕಸ್ತೂರಿ.

"ನೀ ಹಂಗ ಅನಕೋತ, ನಾ ಹಂಗ ಅನಕೋತ ಅರ್ಧ ಕಾಡು ನಡದಿ. ಅವತ್ತು ನಾ ನಿನ್ನ ತವರಿನಂಗ ತಿಕ್ಕಿದ್ದೆ, ನಿನಗ ಹೇಳಲಿಲ್ಲ. ಇವತ್ತು ನೀ ಬಾಯಿ ಬಿಟ್ಟು ಹೇಳೂತನಕ ನಾ ತಿಕ್ಕಂಗಿಲ್ಲ."

ಬಾಳವ್ವ ಎರಡೂ ಕೈ ಸೊಂಟಕ್ಕಿಟ್ಟುಕೊಂಡಳು. "ಮೇಲಿನ ಬೀದಿ ಕಲ್ಲಿನ ಮ್ಯಾಲೆ ಮೊನಿ ಎಳದ್ಯಾ, ಫಕೀರಕ್ಕಾ?"

"ಎಳದೀನಿ. ನೀ ಸ್ವಲ್ಪ ಬಾಜೂ ಸರಿ, ನನ್ನ ಸೊಸಿ ಕಾಣವಲ್ಲಳು."

ಬಾಳವ್ವ ಸರಿದಳು. ಕಸ್ತೂರಿ ಸುತ್ತಲೂ ನಿಂತಿದ್ದವರನ್ನು ನೋಡಿದಳು, ಕೈಯಲ್ಲಿದ್ದ ಸೂಜಿ ನೋಡಿದಳು, ಆಮೇಲೆ ಅದನ್ನು ಅವ್ವನ ಅಂಗೈಯಲ್ಲಿಟ್ಟಳು.

"ಮೊನಿ," ಎಂದಳು.

ಅವ್ವ ಸೂಜಿಯ ಕಣ್ಣನ್ನು ಕಲ್ಲಿನ ಮೇಲಿಟ್ಟು, ಎಲ್ಲರಿಗೂ ಕಾಣುವಂತೆ, ಮೊನೆಯವರೆಗೆ ಎಳೆದು ಎತ್ತಿದಳು. ಮತ್ತೆ ಕಣ್ಣಿನಿಂದ ಶುರು ಮಾಡಿ ಎಳೆದಳು.